ಹೊಸ ವರ್ಷದ ಮೊದಲ ಬಕೆಟ್ ನೀರು

ತಪ್ಪೆಲ್ಲ ಒಂದು ಸೌಟು ಗೊಬ್ಬರದ್ದು. ಚಳಿಗಾಲದಲ್ಲಿ ಗುಲಾಬಿಗೆ ನೀರು ಕೊಡಬೇಕು, ಗೊಬ್ಬರ ಕೊಡಬಾರದು ಎಂದು ಹೂವಿಗೆ ಹೆಸರಾದ ದಾ ಲಾತ್ ಊರಿನಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಲಾಮ್‌ಗೂ ಗೊತ್ತಿತ್ತು. ಗೊತ್ತಿದ್ದೂ, ತೆತ್ ಹಬ್ಬದ ಬೆಳಗ್ಗೆ, ಹೊಸ ವರ್ಷದ ಮೊದಲ ದಿನವೇ, ಕುಂಡದ ಹಳದಿ ಗುಲಾಬಿಗೆ ಮೀನು ಕೊಳೆಸಿದ ಗೊಬ್ಬರವನ್ನು ನೀರು ಬೆರೆಸದೆ ಸುರಿದುಬಿಟ್ಟ.

ಯಾಕೆ ಅಂತೀರಾ? ಮಾವನ ಬಾಯಿ ಮುಚ್ಚಿಸುವುದಕ್ಕೆ. ಹಬ್ಬದ ಎರಡನೇ ದಿನ ಹೆಂಡತಿಯ ತವರಿಗೆ ಹೋಗುವುದು ಪದ್ಧತಿ. ಮಾವನೋ ಹೂವಿನ ತೋಟದ ದೊಡ್ಡ ಮನುಷ್ಯ. "ನಮ್ಮ ಅಳಿಯನ ಕೈಗೆ ಕಾಗದದ ಹೂ ಕೊಟ್ರೂ ಬಾಡತ್ತೆ" ಎಂದು ಮದುವೆಯಾದಾಗಿನಿಂದ ನೆಂಟರೆಲ್ಲರ ಎದುರು ಹಲ್ಲು ಕಿರಿಯುತ್ತಿದ್ದ. ಈ ಸಲ ಗಿಡದ ತುಂಬ ಮೊಗ್ಗು. ನಾಳೆಗೆ ಅರಳಿಬಿಟ್ಟರೆ ಕುಂಡವನ್ನೇ ಹೊತ್ತೊಯ್ದು ಮಾವನ ಮೂಗಿನ ಕೆಳಗಿಡಬೇಕೆಂದು ಲಾಮ್ ಕಾಯುತ್ತಿದ್ದ. ಆ ಅವಸರಕ್ಕೇ ಸೌಟು ಬಗ್ಗಿದ್ದು.

ಸುರಿದ ಮೇಲೆ ತಪ್ಪು ಹೊಳೆಯಿತು. ಬೇರು ಸುಡುವ ಮೊದಲು ಬಕೆಟ್‌ಗಟ್ಟಲೆ ನೀರು ಹೊಯ್ದು ತೊಳೆಯಬೇಕು. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬಂತು. ಬಾವಿಯ ಪಂಪು ಹಬ್ಬ ನೋಡಿಕೊಂಡೇ ಸುಟ್ಟುಹೋಗಿತ್ತು. ರಿಪೇರಿಯವನು ಫೋನಿನಲ್ಲಿ, "ಹಬ್ಬದ ಶುಭಾಶಯ ಅಣ್ಣಾ, ಹಬ್ಬ ಮುಗಿಸ್ಕೊಂಡು ಬರ್ತೀನಿ" ಎಂದು ಇಟ್ಟೇಬಿಟ್ಟ.

ಅಡುಗೆಮನೆಯಲ್ಲಿ ಹಂಡೆಯೇನೋ ತುಂಬಿತ್ತು. ಲಾಮ್ ಚೊಂಬು ಅದ್ದುವಷ್ಟರಲ್ಲಿ ಹೆಂಡತಿ ಥೋವಾ ಅಡ್ಡ ನಿಂತಳು.

"ಏನ್ರೀ, ಬುದ್ಧಿ ಇದೆಯಾ? ವರ್ಷದ ಮೊದಲ ದಿನ ಮನೆ ನೀರು ಹೊರಗೆ ಚೆಲ್ತಾರಾ? ವರ್ಷವೆಲ್ಲ ಕೈಗೆ ಬಂದದ್ದು ಹಾಗೇ ಹರಿದುಹೋಗತ್ತೆ!"

"ಗಿಡ ಸಾಯ್ತಿದೆ ಕಣೇ!"

"ಮೆಲ್ಲಗೆ! ಇವತ್ತು ಬೈದ್ರೆ ವರ್ಷವೆಲ್ಲ ಬೈತಾನೇ ಇರ್ತೀರಿ. ನಗ್ತಾ ಇರಿ."

ಲಾಮ್ ಹಲ್ಲು ಕಚ್ಚಿಕೊಂಡು ನಕ್ಕ. ನಗುತ್ತಲೇ ಖಾಲಿ ಬಕೆಟ್ ಹಿಡಿದು ಪಕ್ಕದ ಮನೆಯ ಬಾಯ್ ಎಂಬ ಹಿರಿಯನ ಎದುರು ನಿಂತ. ಬಾಯ್ ಮನೆಯ ಟ್ಯಾಂಕು ತುಂಬಿ ತುಳುಕುತ್ತಿತ್ತು.

"ಬಾಯ್ ಅಣ್ಣಾ, ಎರಡೇ ಬಕೆಟ್ ನೀರು. ನಾಳೆ ಮಾವನ ಮನೆಗೆ ಒಯ್ಯೋ ಗುಲಾಬಿ ಬೇರು ಸುಡ್ತಿದೆ."

ಬಾಯ್ ಕಿವಿ ಮುಚ್ಚಿಕೊಂಡ. "ತಮ್ಮಾ, ಪ್ರಾಣ ಕೇಳು, ಕೊಟ್ಬಿಡ್ತೀನಿ. ನೀರು, ಬೆಂಕಿ ಮಾತ್ರ ಇವತ್ತು ಕೇಳ್ಬೇಡ, ಜೊತೆಗೆ ಮನೆ ಭಾಗ್ಯವೂ ಹೋಗತ್ತೆ. ಬಾ, ಕೂತು ಟೀ ಕುಡಿ."

"ಟೀಯಲ್ಲಿ ನೀರಿರಲ್ವಾ?"

"ಅದು ನಮ್ಮನೇಲಿ ಕುಡಿಯೋದು. ಹೊಸಿಲು ದಾಟಿದ್ರೆ ಕೊಟ್ಟ ಹಾಗಾಗತ್ತೆ."

ಎದುರು ಮನೆಯ ಲುವಾ ಮಹಡಿ ಕಿಟಕಿಯಿಂದಲೇ ಕೂಗಿದಳು: "ಗೇಟು ದಾಟ್ಬೇಡಿ ಅಣ್ಣಾ! ನಮ್ಮನೆಗೆ ಈ ವರ್ಷದ ಮೊದಲ ಹೆಜ್ಜೆ ಇಡೋಕೆ ಬ್ಯಾಂಕ್ ಮ್ಯಾನೇಜರ್‌ಗೆ ಹೇಳಿದ್ದೀವಿ. ಅವರು ಬಂದ್ಮೇಲೆ ಬನ್ನಿ. ಹೊಟ್ಟೆ ತುಂಬ ಟೀ ಕುಡ್ಕೊಂಡು ಹೋಗಿ, ಆಮೇಲೆ ಗಿಡದ ಹತ್ರ ಏನು ಬೇಕಾದ್ರೂ ಮಾಡ್ಕೊಳ್ಳಿ!"

ಎಂಥ ಜನ ನೋಡಿ! ಮಿಕ್ಕ ದಿನವೆಲ್ಲ ಪೈಪು ಹಿಡಿದು ಬೀದಿಯ ಕಲ್ಲು ತೊಳೆಯುವವರು, ಒಂದು ಬಡ ಗುಲಾಬಿಗೆ ತೊಟ್ಟು ನೀರು ಬಿಡಲಿಲ್ಲ. ಲಾಮ್‌ಗೆ ಮೈಯೆಲ್ಲ ಉರಿಯಿತು. ಹೆಗಲಿಗೆ ಅಡ್ಡೆ ಏರಿಸಿ, ಎರಡೂ ತುದಿಗೆ ಬಕೆಟ್ ಕಟ್ಟಿ, ಇಳಿಜಾರು ಇಳಿದು ಕೆರೆಗೇ ಹೋದ. ಏರುವಾಗ ಎರಡೆರಡು ಸಲ ಹೆಗಲು ಬದಲಿಸಿದ. ಹಬ್ಬದ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆದರೂ ತುಂಬಿದ ಬಕೆಟ್ ತುಳುಕದಂತೆ ಓಣಿಯ ಬಾಯಿಗೆ ಬಂದ.

ಬಾಯ್ ಕಣ್ಣರಳಿಸಿ ಕೂಗಿದ: "ಬಂತು! ಹೊಸ ವರ್ಷದ ಮೊದಲ ನೀರು ಓಣಿಗೆ ಬಂತು! ಭಾಗ್ಯ ಬಂತ್ರೋ!"

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚೊಂಬು, ಹೂಜಿ, ಪಾತ್ರೆ ಹಿಡಿದ ಕೈಗಳು ಬಕೆಟ್‌ಗೆ ಮುತ್ತಿದವು. ಲುವಾ ಮೆಟ್ಟಿಲು ಹಾರಿ ಬಂದು ದೊಡ್ಡ ಪಾತ್ರೆಯನ್ನೇ ಮುಳುಗಿಸಿದಳು.

"ಅಯ್ಯಯ್ಯೋ, ನೀರು ಕೊಡಬಾರದು ಅಂದ್ರಲ್ಲ!" ಲಾಮ್ ಕಿರುಚಿದ.

"ಕೊಡಬಾರದು ತಮ್ಮಾ. ತಗೋಬಾರದು ಅಂತ ಯಾರು ಹೇಳಿದ್ರು?" ಎಂದ ಬಾಯ್. ಲಾಮ್‌ನ ತೋಳು ಹಿಡಿದು ಒಳಗೆಳೆದು ಕುರ್ಚಿಯಲ್ಲಿ ಕೂರಿಸಿದ. "ಭಾಗ್ಯ ತಂದವನು ನೀನು, ಬರಿಬಾಯಲ್ಲಿ ಕಳಿಸ್ತೀವಾ?" ಎಂದು ಟೀ ಮೇಲೆ ಟೀ, ಎಲೆಯಲ್ಲಿ ಸುತ್ತಿದ ಅನ್ನದ ಕಡುಬಿನ ಮೇಲೆ ಕಡುಬು. ಎದ್ದರೆ ಅಪಶಕುನವಂತೆ. ಕೆರೆಯಿಂದ ಇನ್ನೊಂದು ಸಲ ತಂದರೂ ಬೇರು ಉಳಿಸಬಹುದು ಎಂದು ಲೆಕ್ಕ ಹಾಕುತ್ತ ಲಾಮ್ ಗಬಗಬ ನುಂಗಿದ.

ಕೊನೆಗೂ ತಪ್ಪಿಸಿಕೊಂಡು ಬರಿದಾದ ಬಕೆಟ್‌ಗಳೊಂದಿಗೆ ಅಂಗಳಕ್ಕೆ ಬಂದರೆ, ಅರ್ಧ ಓಣಿ ಕುಂಡದ ಸುತ್ತ ನಿಂತಿತ್ತು. ಮಣ್ಣಿನಿಂದ ಹಬೆ ಏಳುತ್ತಿತ್ತು. ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು. ಬುಡದಲ್ಲಿ ಒಂದು ಬೆಂದ ಮೊಟ್ಟೆ ಮಲಗಿತ್ತು.

ಲುವಾ ಖಾಲಿ ಪಾತ್ರೆ ಒರೆಸುತ್ತ ನಕ್ಕಳು. "ನಿಮ್ಮ ನೀರು ತಗೊಂಡು ನಿಮ್ಮ ಗಿಡಾನ ಬಾಯಾರಿಕೇಲಿ ಬಿಡೋಕಾಗತ್ತಾ ಅಣ್ಣಾ? ನಾವೇನು ಮನುಷ್ಯರಲ್ವಾ? ನೀರಂತೂ ಕೊಡೋ ಹಾಗಿಲ್ಲ. ಅದಕ್ಕೇ ಪ್ರತಿ ಮನೆಯಿಂದ ಒಂದೊಂದು ಪಾತ್ರೆ ಹಬ್ಬದ ಮೊಟ್ಟೆ-ಹಂದಿಮಾಂಸದ ಸಾರು ಹೊಯ್ದಿದ್ದೀವಿ. ಬಿಸಿಬಿಸಿದು! ಉಪ್ಪು ಸ್ವಲ್ಪ ಮುಂದೇ ಇದೆ."

ಲಾಮ್‌ನ ಬಾಯಿ ತೆರೆಯಿತು. ಹೊಟ್ಟೆಯಲ್ಲಿದ್ದ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಹಿಂದಿನಿಂದ ಥೋವಾ ಸೊಂಟ ಚಿವುಟಿದಳು.

"ನಗ್ರೀ!"

ಲಾಮ್ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬಹಳ... ಬಹಳ ಉಪಕಾರ ಆಯ್ತು" ಎಂದ.

"ಉಪಕಾರ ಎಂಥದ್ದು ತಮ್ಮಾ!" ಬಾಯ್ ಅವನ ಬೆನ್ನು ತಟ್ಟಿದ. "ಈಗ ತಾನೆ ನಿಮ್ಮ ಮಾವನವರಿಗೂ ಫೋನ್ ಮಾಡಿ ಹೇಳ್ದೆ, ನಾಳೆ ನಿಮ್ಮ ಅಳಿಯ ಕುಂಡ ತರ್ತಾರೆ, ನೆಂಟರನ್ನೆಲ್ಲ ಕರೆದಿಟ್ಕೊಳ್ಳಿ ಅಂತ. ಹೊರೋಕೆ ನಾವೆಲ್ಲ ಬರ್ತೀವಿ."