ಈ ಆ್ಯಪಿನ ಮಾಲಕರು ಯಾರ್ರಿ?

ಸ್ವಂತ ಐಡಿಯಾವನ್ನು ಬೇರೆಯವರ ಕೈಗೆ ಕೊಟ್ಟು ಸಾಫ್ಟ್‌ವೇರ್ ಮಾಡಿಸಿಕೊಳ್ಳುವವರ ಬಾಳಿನಲ್ಲಿ ನಗುವಿಗೆ ಕೊರತೆಯಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ಇಳಕಲ್ಲಿನಲ್ಲಿ ನನ್ನದು ಕಂಪ್ಯೂಟರ್ ಕ್ಲಾಸು, ಗೆಳೆಯನದು ಗ್ರಾನೈಟ್ ಅಂಗಡಿ. ಗಿರಾಕಿ ತನ್ನ ಮನೆಯ ನೆಲದ ಫೋಟೋ ಹಾಕಿದರೆ ಅಲ್ಲಿ ಯಾವ ಕಲ್ಲು ಹೇಗೆ ಕಾಣುತ್ತದೆಂದು ಮೊಬೈಲಿನಲ್ಲೇ ತೋರಿಸುವ ಆ್ಯಪ್ ಮಾಡೋಣ ಎಂಬ ಐಡಿಯಾ ಅವನದೇ. ಕಂಪ್ಯೂಟರ್ ಕಲಿಸುವವನಿಗೆ ಆ್ಯಪ್ ಮಾಡಲೂ ಬರುತ್ತದೆಂದು ನಂಬಿ ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಂಡ. ನಂಬಿಕೆ ಹುಸಿಯಾದ ಮೇಲೆ ಇಬ್ಬರೂ ಸೇರಿ ಹುಬ್ಬಳ್ಳಿಯ ಡೆವಲಪರ್ ಒಬ್ಬನನ್ನು ಹಿಡಿದೆವು.

ಪರಮ ಗುಟ್ಟು

"ಐಡಿಯಾ ಹೊರಗ ಹೋದ್ರ ನಾವು ಮುಗದ್ವಿ," ಎಂದು ಗೆಳೆಯ ದಿನಾ ಹೆದರಿಸುತ್ತಿದ್ದ. ಗುಟ್ಟು ಕಾಯುವ ಕರಾರಿಗೆ ಸಹಿ ಬೀಳುವ ತನಕ ಡೆವಲಪರನಿಗೆ ಏನೂ ಹೇಳಲಿಲ್ಲ.

"ಏನ್ ಮಾಡಬೇಕಂತರ ಹೇಳ್ರಿ," ಎಂದು ಅವನು ಗೋಗರೆದ.

"ಮೊದಲ ಸಹಿ ಹಾಕು. ಆಮ್ಯಾಲೆ ಮಾತು."

ಹಾಕಿದ. ಮರುದಿನ ಬಾಗಲಕೋಟೆ ಬಸ್ಸಿನಲ್ಲಿ ಕಂಡಕ್ಟರು ನನಗೆ ಟಿಕೆಟ್ ಕೊಡುತ್ತ, "ಸರ್, ನೆಲದ ಫೋಟೋ ಹಾಕಿದ್ರ ಕಲ್ಲು ತೋರಸ್ತೈತಂತ. ಯಾವಾಗ ಬಿಡ್ತೀರಿ ಆ್ಯಪು?" ಎಂದರು.

ನಾನು ದನಿ ತಗ್ಗಿಸಿದೆ. "ನಿಮಗ್ಯಾರು ಹೇಳಿದ್ರು?"

"ನಿಮ್ಮ ಗೆಳೆಯಾರ ಹೇಳಿದ್ರು. ಯಾರ ಮುಂದೂ ಅನಬ್ಯಾಡ್ರಿ ಅಂದಾರ."

ಹಿಂದಿನ ಸೀಟಿನಿಂದ ಇನ್ನೊಬ್ಬರು, "ನಮಗೂ ಹಂಗ ಅಂದಾರ್ರಿ," ಎಂದರು.

ಗೊತ್ತಿದ್ದವರಲ್ಲೆಲ್ಲ ನಮ್ಮ ಐಡಿಯಾದ ಬಗ್ಗೆ ಬಾಯಿ ಬಿಡದಿದ್ದವನು ಒಬ್ಬನೇ, ಡೆವಲಪರ್. ಅವನಿಗೆ ಅದಿನ್ನೂ ಅರ್ಥವಾಗಿರಲಿಲ್ಲ.

ಪೂರ್ವಕ್ಕೆ ಏನಿದೆ?

ಡೆವಲಪರನ ಜೊತೆಗಿನ ಮುಖ್ಯ ಕರಾರು ಬರೆಯಲು ಹುನಗುಂದದ ಹಿರಿಯ ವಕೀಲರ ಬಳಿ ಹೋದೆವು. ಹೊಲ ಮನೆಗಳ ಖರೀದಿ ಪತ್ರ ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕನ್ನಡಕ ಏರಿಸಿಕೊಂಡು ಕೇಳಿದರು: "ನಿಮ್ಮ ಆ್ಯಪಿನ ಪೂರ್ವಕ್ಕ ಏನೈತಿ?"

"ಏನೂ ಇಲ್ರಿ. ಅದು ಮೊಬೈಲಿನ್ಯಾಗ ಇರೂದು."

"ಹಂಗಂದ್ರ ಹೆಂಗ? ನಾಳೆ ಬಾಜೂದಾಂವ ಒತ್ತುವರಿ ಮಾಡಿದ್ರ?"

ಕೊನೆಗೆ ಬಂದ ಕರಾರಿನ ಪ್ರಕಾರ ಆ್ಯಪಿನೊಳಗಿನ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಲ್ಲವೂ ನಮ್ಮವು. ಕೋಡ್ ಯಾರದೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಅಂಜುತ್ತಲೇ ಕೇಳಿದೆ.

"ಅದು ಕಣ್ಣಿಗೆ ಕಾಣತೈತೇನು?" ಎಂದರು ವಕೀಲರು.

"ಇಲ್ರಿ."

"ಕಾಣದ್ದಕ್ಕ ಯಾರ್ ಜಗಳ ತಗೀತಾರ? ಸಹಿ ಹಾಕ್ರಿ."

ಇಕಿ ಯಾರು?

ಅಂತೂ ಆ್ಯಪ್ ಬಂತು. ಗೆಳೆಯ ಉಬ್ಬಿ ಹೋಗಿ ಹೆಂಡತಿಗೆ ಮೊಬೈಲ್ ತೋರಿಸಿದ. ಆಕೆ ಕಲ್ಲು ನೋಡಲಿಲ್ಲ. ಆ್ಯಪಿನ ಹೆಸರಿನ ಕೆಳಗೆ ಮಾಲಕರ ಜಾಗದಲ್ಲಿದ್ದ ಒಂದು ಹೆಣ್ಣಿನ ಹೆಸರು ನೋಡಿ, "ಇಕಿ ಯಾರು?" ಎಂದಳು.

ಗೆಳೆಯ ಅಲ್ಲೇ ಸ್ಪೀಕರ್ ಹಾಕಿ ಡೆವಲಪರನಿಗೆ ಫೋನ್ ಮಾಡಿದ.

"ನಮ್ಮ ಮನಿಯಾಕಿರಿ," ಎಂದನವನು ತಣ್ಣಗೆ. "ಆ್ಯಪು ಹಾಕೂ ನನ್ನ ಅಕೌಂಟ್ ಬಂದ್ ಆಗೇತಿ. ಅದಕ್ಕ ಆ್ಯಪು ಅಕಿ ಹೆಸರಿಗೆ ಹಾಕೇನಿ. ಹೆಸರಿಗಷ್ಟೇರಿ!"

ಫೋನ್ ಇಟ್ಟ ಗೆಳೆಯ, ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟ. ಹೆಂಡತಿ ಬಿಡಬೇಕಲ್ಲ.

"ನೋಡ್ರಿ, ಅಂವ ಗಂಡಸು! ನಿಮ್ಮ ಆಸ್ತಿ ಸೈತ ತನ್ನ ಹೆಂಡ್ತಿ ಹೆಸರಿಗೆ ಮಾಡ್ಯಾನ. ನೀವು ನನ್ನ ಹೆಸರಿಗೆ ಒಂದು ಸಿಮ್ ಕಾರ್ಡರ ತಗೊಂಡೀರೇನು?"

ದುಬೈ ಗಿರಾಕಿ

ಬಾಗಲಕೋಟೆಯ ಹೋಟೆಲೊಂದರಲ್ಲಿ ಗ್ರಾನೈಟ್ ವ್ಯಾಪಾರಿಗಳ ಸಭೆಯಿತ್ತು. ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಒಬ್ಬ ವೇದಿಕೆ ಏರಿ, ತಮ್ಮ ಕಂಪನಿಯ ಹೊಚ್ಚ ಹೊಸ ಆ್ಯಪ್ ತೋರಿಸತೊಡಗಿದ. ಗುಂಡಿಗಳು ನಮ್ಮವು, ಬಣ್ಣ ನಮ್ಮದು, ಹೆಸರು ಮಾತ್ರ ಇಂಗ್ಲಿಷಿನದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇದು ದುಬೈದಾಗಿನ ನಮ್ಮ ಕಸ್ಟಮರ್ ಅಡಗಿಮನಿ. ನೆಲ ಹೆಂಗ ಹೊಳೀತೈತಿ ನೋಡ್ರಿ!" ಎಂದು ಸೇಲ್ಸ್‌ಮನ್ ಪರದೆಯ ಮೇಲೆ ಫೋಟೋ ಬಿಟ್ಟ.

ಹೊಳೆಯುವ ನೆಲದ ನಟ್ಟನಡುವೆ ಅಜ್ಜಿಯೊಬ್ಬಳು ಕಾಲು ಚಾಚಿ ಕುಳಿತು ಮೆಂತ್ಯಪಲ್ಯ ಸೋಸುತ್ತಿದ್ದಳು.

ಗೆಳೆಯ ಎದ್ದು ನಿಂತ. "ಆ ಅಮ್ಮಾರು ದುಬೈದಾಗ ಅದಾರೇನ್ರಿ?"

"ಹೌದ್ರಿ ಸರ್, ಭಾಳ ವರ್ಷದಿಂದ ಅಲ್ಲೇ ಸೆಟ್ಲ್ ಆಗ್ಯಾರ."

"ಮುಂಜಾನಿ ನನಗ ರೊಟ್ಟಿ ಬಡದು ಹಾಕ್ಯಾಳಲ್ಲೋ! ಅಕಿ ನಮ್ಮವ್ವ!"

ಸಭೆ ಬಿದ್ದು ಬಿದ್ದು ನಕ್ಕಿತು. ಆ ಫೋಟೋವನ್ನು ಪರೀಕ್ಷೆಗೆಂದು ಡೆವಲಪರನಿಗೆ ಕೊಟ್ಟವರು ನಾವೇ. ಅವನು ನಮ್ಮ ಆ್ಯಪನ್ನು ಆ ಕಂಪನಿಗೆ ಮಾರುವಾಗ ಅವ್ವನನ್ನೂ ಸೇರಿಸಿಯೇ ಮಾರಿದ್ದ.

ಈ ಸಲ ಬಾಗಲಕೋಟೆಯಲ್ಲಿ ಬೇರೆ ವಕೀಲರನ್ನು ಹಿಡಿದೆವು. ಅವರು ನಮ್ಮ ಕರಾರು ಓದಿ, "ಕೋಡ್ ನಿಮ್ಮದು ಅನ್ನಾಕ ಇದರಾಗ ಏನೂ ಇಲ್ಲ. ಗುಟ್ಟಿನ ಕರಾರೂ ನಡಿಯಂಗಿಲ್ಲ, ಗುಟ್ಟು ನೀವ ಊರಿಗೆಲ್ಲ ಹೇಳೀರಿ. ಆದ್ರ ಅವ್ವ ನಿಮ್ಮವರು ಅನ್ನೂದರಾಗ ಸಂಶಯ ಇಲ್ಲ," ಎಂದರು. ಒಪ್ಪಿಗೆಯಿಲ್ಲದೆ ಹೆಣ್ಣುಮಗಳ ಫೋಟೋ ಬಳಸಿದ್ದಕ್ಕೆ ಕಂಪನಿಗೂ ಡೆವಲಪರನಿಗೂ ನೋಟಿಸ್ ಹೋಯಿತು. ಕಂಪನಿ ಬೆದರಿ ಆ್ಯಪನ್ನೇ ತೆಗೆದುಹಾಕಿತು. ಡೆವಲಪರ್ ಹೆಂಡತಿಯ ಹೆಸರಲ್ಲಿದ್ದ ಆ್ಯಪು, ಕೋಡು ಎಲ್ಲವನ್ನೂ ತೆಪ್ಪಗೆ ನಮಗೆ ಬಿಟ್ಟುಕೊಟ್ಟ.

ಗೆದ್ದ ಖುಷಿಯಲ್ಲಿ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆವು. ಆಕೆ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ದುಬೈ ಮಂದಿ ನನ್ನ ನೋಡ್ಯಾರೇನು?" ಎಂದಳು.

"ನೋಡಿದ್ರೂ ನೋಡಿರಬೇಕವ್ವ. ಈಗ ತಗಸೇವಿ, ಚಿಂತಿ ಮಾಡಬ್ಯಾಡ."

ಅವ್ವ ಸಿಡುಕಿದಳು. "ತಗಸೂದ್ಯಾಕೋ ಭಾಡ್ಯಾ? ಚಲೋ ಸೀರಿ ಉಡಿಸಿ ಇನ್ನೊಂದು ಫೋಟೋ ಕಳಸೂದು ಬಿಟ್ಟು!"