ಅಜ್ಜಿಗೆ ದಮ್ಮೈತ್ರಿ ಸರ್

ಬ್ಯಾಡಗಿಯ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಕಾರ್ಡಿನ ಟೇಬಲ್ಲು ನನ್ನದು. ಇಲ್ಲಿ ನಗೆಯನ್ನು ಕರೆಯಬೇಕಿಲ್ಲ, ಮೆಣಸಿನಕಾಯಿ ಮಾರ್ಕೆಟ್ಟಿನ ಸೀನಿನಂತೆ ತಾನೇ ಬರುತ್ತದೆ. ನಾನು ಕೈಹಚ್ಚಿದ ಅರ್ಜಿ ಸೋತದ್ದಿಲ್ಲ, ಇದು ನನ್ನ ಜಂಬ. ಆದರೆ ಒಬ್ಬ ಅಜ್ಜಿಯ ಅರ್ಜಿ ಮಾತ್ರ ನನ್ನನ್ನು ಮೂರು ಊರು ತಿರುಗಿಸಿತು.

ದಮ್ಮು

ಕಾಗಿನೆಲೆಯ ಅಜ್ಜಿ. ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಉಬ್ಬಸ ಹತ್ತಿತ್ತು. ಕಾರ್ಡು ಮಂಜೂರಾದರೆ ಚಿಕಿತ್ಸೆ ಪುಕ್ಕಟೆ, ಇಲ್ಲವಾದರೆ ಮನೆಯ ಒಂದೇ ಎಮ್ಮೆ ಸಂತೆಗೆ.

ಮೈಸೂರಿನಿಂದ ಹೊಸದಾಗಿ ಬಂದಿದ್ದ ಡಾಕ್ಟರು, "ಅಸ್ತಮಾ ಇದೆಯಾ ಅಜ್ಜಿ?" ಎಂದು ಕೇಳಿದರು.

"ಅಂಥಾ ದೊಡ್ಡ ರೋಗ ನನಗ್ಯಾಕ್ರಿ? ನನಗ ದಮ್ಮ ಐತಿ."

"ಭೇಷ್, ಹಾಗಿರಬೇಕು!" ಎಂದು ಡಾಕ್ಟರು 'ಅಸ್ತಮಾ ಇಲ್ಲ' ಅಂತ ಬರೆದೇಬಿಟ್ಟರು.

ನಾನು ಓಡಿದೆ. "ಸರ್, ನಮ್ಮ ಕಡೆ ಅಸ್ತಮಾಕ್ಕ ದಮ್ಮು ಅಂತಾರ್ರಿ."

"ಅಯ್ಯೋ, ನಾನು ಧೈರ್ಯ ಅಂದುಕೊಂಡೆ!"

"ಅದೂ ಐತ್ರಿ. ಆದ್ರ ಅದಕ್ಕ ಸರ್ಕಾರ ಕಾರ್ಡ್ ಕೊಡೂದಿಲ್ಲ."

ಹೆಬ್ಬೆಟ್ಟು

ತಿದ್ದಿದ ಅರ್ಜಿ ಹಿಡಿದು, ಹೆಬ್ಬೆಟ್ಟು ಒತ್ತಲು ಹಾವೇರಿಯ ಕಚೇರಿಗೆ ಹೋದೆವು. ಅಜ್ಜಿಯ ಬೆರಳಿನ ಗೆರೆಗಳೆಲ್ಲ ಸವೆದಿದ್ದವು, ಯಂತ್ರ ಒಪ್ಪಲಿಲ್ಲ. ಕೌಂಟರಿನವನು ಆಕೆಯ ಹೆಬ್ಬೆಟ್ಟನ್ನು ತಾನೇ ಹಿಡಿದು ಹತ್ತು ಸಲ ಒತ್ತಿಸಿದ. ಹನ್ನೊಂದನೆಯದಕ್ಕೆ ಹಸಿರು ದೀಪ ಹತ್ತಿತು. ಖುಷಿಯಲ್ಲಿ ಬೆವರೊರೆಸಲು ಹೋಗಿ ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡ. ಅಜ್ಜಿಯ ಕೈಯ ಖಾರ ಕಣ್ಣಿಗೇರಿ ಗಳಗಳ ಅಳತೊಡಗಿದ.

ಸಾಲಿನಲ್ಲಿದ್ದ ಅಗಡಿ ಊರಿನ ಯಜಮಾನರೊಬ್ಬರು ಕೈಮುಗಿದರು: "ಕಚೇರ್ಯಾಗ ಅಳೋ ಮಂದಿ ಭಾಳ ನೋಡೇನಿ. ಕೌಂಟರಿನ ಒಳಗ ಕುಂತು ಅಳೋನ್ನ ಇವತ್ತ ನೋಡಿದೆ!"

ಪಾಸು

ಕೊನೆಗೆ ಉಳಿದದ್ದು ರಾಣೆಬೆನ್ನೂರಿನ ಉಸಿರಿನ ಪರೀಕ್ಷೆ. ವಾರಕ್ಕೊಮ್ಮೆ ಅಲ್ಲಿಗೆ ಬರುವವರು ಅದೇ ಮೈಸೂರು ಡಾಕ್ಟರು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕಲ್ಲ! ಅಜ್ಜಿ ಎರಡು ದಿನ ಕೆಲಸ ಬಿಟ್ಟು, ಚೆನ್ನಾಗಿ ನಿದ್ದೆ ಮಾಡಿ, ಡಾಕ್ಟರಿಗೆಂದು ಖಾರಪುಡಿಯ ಗಂಟನ್ನೂ ಕಟ್ಟಿಕೊಂಡು ಬಂದಿದ್ದಳು. ಜೀವ ಹಿಡಿದು ಊದಿದಳು. ಊದುವ ಯಂತ್ರದ ಮುಳ್ಳು ಸರ್ರನೆ ಮೇಲೇರಿತು.

"ಚೆನ್ನಾಗಿದೆಯಲ್ಲ! ಹೀಗಾದರೆ ಕಾರ್ಡು ಸಿಗೋದು ಕಷ್ಟ" ಎಂದರು ಡಾಕ್ಟರು.

ಅಜ್ಜಿ ಕೆಂಡವಾದಳು. "ಪಾಸಾದ್ರ ಎಮ್ಮಿ ಹೋಗ್ತೈತೇನ್ರಿ? ನಿಮಗ ದಮ್ಮಿದ್ರ ನಮ್ಮ ಮೆಣಸಿನಕಾಯಿ ಅಂಗಳದಾಗ ಒಂದ ತಾಸು ಕುಂದರ್ರಿ, ನೋಡೂನು!" ಎನ್ನುತ್ತಾ ಗಂಟನ್ನು ಮೇಜಿಗೆ ಕುಕ್ಕಿದಳು.

ಗಂಟು ಬಿಚ್ಚಿತು. ಕೋಣೆ ಕೆಂಪಾಯಿತು. ಡಾಕ್ಟರು, ನರ್ಸು, ನಾನು ಅಜ್ಜಿಯನ್ನೂ ಎಳೆದುಕೊಂಡು ಕೆಮ್ಮಿ ಕೆಮ್ಮಿ ಹೊರಗೋಡಿದೆವು. ಅಜ್ಜಿಗೆ ಅಸಲಿ ಉಬ್ಬಸ ಎದ್ದಿತು. ಆಸ್ಪತ್ರೆಯ ಅಂಗಳದಲ್ಲೇ ಇನ್ನೊಮ್ಮೆ ಊದಿಸಿದರೆ ಮುಳ್ಳು ಅಲ್ಲಾಡಲೇ ಇಲ್ಲ. ಲಗೂನೆ ಔಷಧ ಕೊಟ್ಟರು, ಉಸಿರು ಹದಕ್ಕೆ ಬಂತು. ಕಾಗದಕ್ಕೂ ಸಹಿ ಬಿತ್ತು. ಎಮ್ಮೆ ಉಳಿಯಿತು.

ಕಣ್ಣೊರೆಸಿಕೊಳ್ಳುತ್ತಾ ಡಾಕ್ಟರು ಅಂದರು: "ಅಜ್ಜಿ, ನಿಮಗೆ ದಮ್ಮಿದೆ!"

ಒಮ್ಮೆ ಪೆಟ್ಟು ತಿಂದವನು ನಾನು. "ಯಾವ ದಮ್ಮು ಸರ್?" ಎಂದು ಕೇಳಿಯೇಬಿಟ್ಟೆ.

ಅವರು ದೊಡ್ಡದೊಂದು ಸೀನು ಸೀನಿ, "ಎರಡೂ!" ಎಂದರು.