ಸೊಟ್ಟ ಮಟ್ಟಿನ ಮೂಲ

ಪಿಟೀಲು ಹ್ಯಾಸ್ಕಲ್ ಬ್ಲೆವಿನ್ಸನ ಬ್ಯಾಂಜೊ ಜೊತೆಗಾರ ಓಡಿಹೋದ ಸುದ್ದಿ ಶನಿವಾರ ಬೆಳಿಗ್ಗೆ ಕಣಿವೆಯಲ್ಲೆಲ್ಲ ಹಬ್ಬಿತು. ಹೆಂಗಸಿನ ಜೊತೆ ಓಡಿಹೋಗಿದ್ದರೆ ಜನ ಹೇಗೋ ಕ್ಷಮಿಸುತ್ತಿದ್ದರು. ಈ ಪಾಪಿ ಕಣಿವೆಯ ಹಳೇ ಮಟ್ಟುಗಳನ್ನು ಬಿಟ್ಟು, ಬೆರಳಿಗೆ ಲೋಹದ ಉಗುರು ಸಿಕ್ಕಿಸಿಕೊಂಡು, ಹೊಸ ಕಾಲದ ಓಟದ ಸಂಗೀತ ಬಾರಿಸುವ ಪೇಟೆಯ ಬ್ಲೂಗ್ರಾಸ್ ತಂಡ ಸೇರಿದ್ದ.

ಮೇವಿನ ಅಂಗಡಿಯ ಗುಮಾಸ್ತ ಆರ್ಬಿನ್ ಸ್ಲಸ್‌ಗೆ ಮಾತ್ರ ಇದು ಹಬ್ಬದ ಸುದ್ದಿ. ಮದುವೆಯಾದಾಗಿನಿಂದ ಅವನು ಶನಿವಾರದ ಕುಣಿತದಲ್ಲಿ ಬಾಗಿಲ ಸಂದಿಯಲ್ಲಿ ಕೂತು, ಹೋಗಿಬರುವವರ ಬೂಟಿನಿಂದ ತುಳಿಸಿಕೊಂಡು ಬ್ಯಾಂಜೊ ಬಾರಿಸಿದವನು. ಹ್ಯಾಸ್ಕಲನ ಪಕ್ಕದ ಕುರ್ಚಿ ಎಂದರೆ ಅವನಿಗೆ ಪ್ರಾಣ. ಹೆಂಡತಿ ನೋವೆಲ್ಲಾ ಮೊನ್ನೆಯೇ ಹೇಳಿಬಿಟ್ಟಿದ್ದಳು: "ಒಂದೋ ಆ ಕುರ್ಚಿ ಹಿಡಿ, ಇಲ್ಲ ಆ ಡಬ್ಬಾನ ಕೋಳಿಗೂಡಿಗೆ ಹಾಕು. ಮೊಟ್ಟೆ ಇಡೋಕಾದ್ರೂ ಆಗುತ್ತೆ."

ಆರ್ಬಿನ್ ಅಂಗಡಿಗೆ ಹೊಟ್ಟೆನೋವಿನ ನೆಪ ಹೇಳಿ ಬ್ಯಾಂಜೊ ಹಿಡಿದು ಹ್ಯಾಸ್ಕಲನ ಜಗಲಿಗೆ ಓಡಿದ.

"ಕುರ್ಚಿ ತಗೊಳಪ್ಪ, ಯಾರು ಬೇಡ ಅಂದ್ರು?" ಎಂದ ಹ್ಯಾಸ್ಕಲ್. "ಆದ್ರೆ 'ಕುಂಟು ಹೇಸರಗತ್ತೆ' ಬಾರಿಸದೆ ಸಂಜೆ ಕುಣಿತ ಶುರುವಾಗಲ್ಲ. ಬರುತ್ತಾ?"

ಅದೊಂದು ಸೊಟ್ಟ ಮಟ್ಟು. ಎರಡನೇ ಸುತ್ತಿನ ಕೊನೆಯಲ್ಲಿ ತಾಳದ ಒಂದು ಪೆಟ್ಟಿನಷ್ಟು ಹೊತ್ತು ಎಲ್ಲ ಗಪ್‌ಚಿಪ್, ಅದೇ ಅದರ ತಡೆ. ಆಮೇಲೆ ಮತ್ತೆ ಓಟ. ಇಬ್ಬರೂ ಬಾರಿಸತೊಡಗಿದರು. ಹ್ಯಾಸ್ಕಲ್ ಅಲ್ಲಿಗೆ ಬಂದಾಗ ಕಣ್ಣು ಮುಚ್ಚಿ ಕಮಾನು ನಿಲ್ಲಿಸಿದ. ಆರ್ಬಿನ್‌ನ ಬೆರಳು ನಿಲ್ಲದೆ ಮುಂದೆ ಹೋಗಿಬಿಟ್ಟಿತು.

"ಅಯ್ಯೋ ನಿನ್ನ! ಅಲ್ಲಿ ನಿಲ್ಬೇಕು ಕಣೋ! ನಮ್ಮ ತಾತ ಯುದ್ಧಕ್ಕೆ ಹೋಗೋವಾಗ ತಿರುಗಿ ಮನೆ ನೋಡಿದ್ದು ಅಲ್ಲೇ."

"ತಾತ ನಿಮಗೆ ಕಲಿಸಿದ್ರಾ, ಹ್ಯಾಸ್ಕಲಣ್ಣ?"

"ಕಲಿಸಿದ್ದು ಅಂತಲ್ಲ. ಹೋದ ವರ್ಷ ಗಾರ್ನೆಟ್‌ನ ಕ್ಯಾಸೆಟ್‌ನಲ್ಲಿ ಕೇಳ್ದೆ. ಕೇಳಿದ ತಕ್ಷಣ ತಾತ ನೆನಪಾದ. ಅಂದ್ಮೇಲೆ ಅವನದೇ ಅಲ್ವಾ?" ಹ್ಯಾಸ್ಕಲ್ ಪಿಟೀಲನ್ನು ತೊಡೆಯ ಮೇಲಿಟ್ಟ. "ನೋಡು, ಮೂಲ ಹುಡುಕ್ಕೊಂಡು ಹೋಗಿ ಕಲಿ. ಸಂಜೆಯೊಳಗೆ ಆ ತಡೆ ಬಂದ್ರೆ ಕುರ್ಚಿ ನಿಂದು."

ನಮ್ಮ ಕಣಿವೆಯಲ್ಲಿ ಕಾಗದ ನೋಡಿಕೊಂಡು ಮಟ್ಟು ಕಲಿತವನನ್ನು ಊಟಕ್ಕೂ ಕರೆಯುವುದಿಲ್ಲ. ಹಳಬರ ಎದುರು ಕೂತು, ಅವರ ಕೆಮ್ಮನ್ನೂ ಸೇರಿಸಿ ಕಿವಿಯಿಂದಲೇ ಕಲಿಯಬೇಕು. ಹಾಗಾಗಿ ಆರ್ಬಿನ್ ಕ್ಷೌರಿಕ ಗಾರ್ನೆಟ್‌ನ ಅಂಗಡಿಗೆ ಹೋದ. ಕ್ಯಾಸೆಟ್ ಕೇಳಬೇಕಾದರೆ ಕ್ಷೌರ ಮಾಡಿಸಿಕೊಳ್ಳಲೇಬೇಕೆಂಬುದು ಗಾರ್ನೆಟ್‌ನ ಕಾನೂನು.

"ಯಾವ ಕತ್ತೆ? ಇದರ ಹೆಸರು 'ವಿಧವೆಯ ನಿಟ್ಟುಸಿರು'!" ಗಾರ್ನೆಟ್ ಕತ್ತರಿ ಆಡಿಸುತ್ತ ರೇಗಿದ. "ಆ ತಡೆ ಇದ್ಯಲ್ಲ, ಅದೇ ನಿಟ್ಟುಸಿರು. ಹ್ಯಾಸ್ಕಲನ ತಾತನಂತೆ! ಅವನ ತಾತನಿಗೆ ಸಿಳ್ಳೆ ಹೊಡೆಯೋಕೂ ಬರ್ತಿರಲಿಲ್ಲ."

ಕ್ಯಾಸೆಟ್ ತಿರುಗಿತು. ತಡೆ ಬಂದಾಗಲೆಲ್ಲ ಗಾರ್ನೆಟ್ ಭಕ್ತಿಯಿಂದ ಕತ್ತರಿ ನಿಲ್ಲಿಸುವನು. ಮಟ್ಟು ಮತ್ತೆ ಹೊರಟಾಗ ಅದೇ ಆವೇಶದಲ್ಲಿ ಕಚಕಚ ಕತ್ತರಿಸುವನು. ಆರ್ಬಿನ್‌ನ ತಲೆಯ ಎಡಗಡೆ ಕುರಿ ಮೇಯ್ದ ಗುಡ್ಡದಂತಾಯಿತು. "ಇನ್ನೊಂದ್ಸಲ ಹಾಕಣ್ಣ, ಇನ್ನೊಂದೇ ಸಲ" ಎಂದು ಅವನು ಗೋಗರೆಯುತ್ತಲೇ ಇದ್ದ. ಕೊನೆಗೆ ಯಂತ್ರ ಕರ್ ಎಂದು ಕ್ಯಾಸೆಟ್ಟಿನ ಕರುಳನ್ನು ಹೊರಗೆ ಕಕ್ಕಿತು.

ಗಾರ್ನೆಟ್ ಎದೆ ಬಡಿದುಕೊಂಡ. "ನುಂಗಿದ್ಯಲ್ಲೋ ನನ್ನ ಆಸ್ತೀನ! ಏಳು! ಏಳು ಅಂದ್ರೆ!"

"ಬಲಗಡೆ ಇನ್ನೂ ಇದೆ ಅಣ್ಣ..."

"ಬಲಗಡೆ ನಿನ್ನ ಹೆಂಡ್ತಿ ಹತ್ರ ಮಾಡಿಸ್ಕೋ! ಅದರಲ್ಲಿ ಬಾರಿಸಿದ್ದು ವರ್ಡಿ ದೊಡ್ಡಮ್ಮ. ಹೋಗು, ಹೋಗಿ ಅವಳ ತಲೆ ತಿನ್ನು."

ವರ್ಡಿ ದೊಡ್ಡಮ್ಮನ ಮನೆ ಹಳ್ಳದ ಆಚೆ, ಕಣಿವೆಯ ತುದಿಯಲ್ಲಿ. ಸೇತುವೆಯ ಹಲಗೆಯೊಂದು ಕಾಲ ಕೆಳಗೆ ಮುರಿದು ಆರ್ಬಿನ್ ಸೊಂಟದವರೆಗೆ ನೆನೆದ. ಬ್ಯಾಂಜೊವನ್ನು ಮಾತ್ರ ಕೂಸಿನಂತೆ ತಲೆಯ ಮೇಲೆತ್ತಿ ಹಿಡಿದಿದ್ದ. ದಡ ಹತ್ತಿದೊಡನೆ ದೊಡ್ಡಮ್ಮನ ಹೆಬ್ಬಾತು ಅವನ ಪ್ಯಾಂಟಿನ ಹಿಂಭಾಗ ಕಚ್ಚಿ ಹಿಡಿದು ಜಗಲಿಯವರೆಗೆ ತಲುಪಿಸಿತು.

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ತಲೆಗೆ ಹುಳ ಬಿದ್ದಿದೆಯೇನೋ ಮಗ?" ಎಂದು ಮರುಗಿ, ಹುರುಳಿಕಾಯಿಯ ಬುಟ್ಟಿಯನ್ನು ಅವನ ಮುಂದೆ ತಳ್ಳಿದಳು. ಕಾಯಿ ಮುರಿಯದವರಿಗೆ ಅವಳು ಮಟ್ಟು ಹೇಳಿಕೊಡುವುದಿಲ್ಲ. ಬುಟ್ಟಿ ಖಾಲಿಯಾಯಿತು, ಜೋಳದ ರೊಟ್ಟಿಯೂ ಮಜ್ಜಿಗೆಯೂ ಹೊಟ್ಟೆಗಿಳಿದವು, ಆಮೇಲೆ ಪಿಟೀಲು ಹೊರಗೆ ಬಂತು.

ಆಹಾ, ಎಂಥ ಮಟ್ಟು! ತಡೆಯ ಜಾಗದಲ್ಲಿ ಆರ್ಬಿನ್ ಕಣ್ಣು ಮುಚ್ಚಿ ತಲೆದೂಗಿದ. ಆದರೆ ಬಾರಿಸಹೋದರೆ ಬೆರಳು ಅಲ್ಲಿ ನಿಂತರೆ ಕೇಳಿ. ಬಾರಿ ಬಾರಿಗೂ ಇಳಿಜಾರಿನ ಗಾಡಿಯಂತೆ ಓಡಿಹೋಗುತ್ತಿತ್ತು.

"ದೊಡ್ಡಮ್ಮ, ಇದನ್ನ ನಿಮಗೆ ಕಲಿಸಿದ್ದು ಯಾರು? ತುಂಬಾ ಹಳೇದಾ?" ಕೊನೆಗೆ ಅವನು ಅವಳ ಕಿವಿಯ ಬಳಿ ಕೂಗಿ ಕೇಳಿದ.

"'ಕೋಳಿಕಾಳು'ನಾ? ಯಾರೂ ಕಲಿಸ್ಲಿಲ್ಲ. ಎರಡು ಚಳಿಗಾಲದ ಹಿಂದೆ ನನ್ನ ಮಗ ಮೇವಿನ ಅಂಗಡೀಲಿ ಕೋಳಿಕಾಳು ತಗೊಳ್ತಿದ್ದ. ನಾನು ಹೊರಗೆ ಗಾಡೀಲಿ ಕೂತಿದ್ದೆ. ಕಟ್ಟೆ ಮೇಲೆ ಯಾರೋ ಒಬ್ಬ, ಟೋಪಿ ಮುಖದ ಮೇಲೆ ಎಳ್ಕೊಂಡು ಬ್ಯಾಂಜೊ ಬಾರಿಸ್ತಿದ್ದ. ಎರಡನೇ ಸುತ್ತು ಮುಗಿದಾಗಲೆಲ್ಲ ತಂತಿ ಬಿಗಿಯೋ ಬಿರಡೆ ಸರ್ ಅಂತ ಜಾರೋದು, ಅವನು ನಿಲ್ಲಿಸಿ ತಿರುಪೋನು, ಮತ್ತೆ ಹೊರಡೋನು. ಆ ನಿಲ್ಲಿಸೋದಿದ್ಯಲ್ಲ, ನನ್ನ ಕರುಳೇ ಕಿವುಚಿಬಿಡ್ತು."

ಆರ್ಬಿನ್ ಕೈಯಲ್ಲಿದ್ದ ಬ್ಯಾಂಜೊ ತೊಡೆಗೆ ಜಾರಿತು. ಆ ಕಟ್ಟೆ ಅವನ ಅಂಗಡಿಯದೇ. ಆ ಬಿರಡೆಯೂ ಅವನ ಬ್ಯಾಂಜೊದ ಗಿಡ್ಡ ತಂತಿಯದೇ. ಆಗ ಅವನು ಇನ್ಯಾವುದೋ ಮಟ್ಟು ಕಲಿಯಲು ಹೆಣಗುತ್ತ ಇಡೀ ಚಳಿಗಾಲ ತಪ್ಪುತಪ್ಪಾಗಿ ಬಾರಿಸಿದ್ದ. ಆಮೇಲೆ ಹೊಸ ಬಿರಡೆ ಹಾಕಿಸಿದ, ಆ ಮಟ್ಟನ್ನು ಸರಿಯಾಗಿ ಕಲಿತ, ತಪ್ಪನ್ನು ಮರೆತೇಬಿಟ್ಟಿದ್ದ.

"ದೊಡ್ಡಮ್ಮ! ಅದು ನಾನೇ!"

"ಆನೆ?" ದೊಡ್ಡಮ್ಮ ಕಿವಿಗೆ ಕೈ ಹಿಡಿದಳು. "ಆನೆ ಎಲ್ಲಾದ್ರೂ ಬ್ಯಾಂಜೊ ಬಾರಿಸುತ್ತೇನೋ? ನಡಿ, ಕುಣಿತಕ್ಕೆ ಹೊತ್ತಾಯ್ತು."

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಆರ್ಬಿನ್ ಒದ್ದೆ ಪ್ಯಾಂಟು, ಅರ್ಧ ತಲೆಯ ಸಮೇತ ನೆಟ್ಟಗೆ ಹ್ಯಾಸ್ಕಲನ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹ್ಯಾಸ್ಕಲ್ ದೊಡ್ಡಮ್ಮನತ್ತ ತಿರುಗಿದ. ಅಂಗಡಿ ಕಟ್ಟೆಯ ಕತೆ ನಿಜವೆಂದು ಅವಳು ತಲೆಯಾಡಿಸಿದಳು. ಆ ಮನುಷ್ಯ ಯಾರೋ ತನಗೆ ಗೊತ್ತಿಲ್ಲ ಎಂದಳು.

"ನೀನೇ ಅಂತೀಯಾ? ಬಾರ್ಸು ನೋಡೋಣ" ಎಂದ ಹ್ಯಾಸ್ಕಲ್.

ಆರ್ಬಿನ್ ಬಾರಿಸಿದ. ಬೆರಳು ಎಂದಿನಂತೆ ತಡೆಯನ್ನು ಹಾರಿ ಓಡಿತು. ಜನ ಗೊಳ್ಳೆಂದು ನಕ್ಕರು. ನೋವೆಲ್ಲಾ ಮುಖ ಮುಚ್ಚಿಕೊಂಡಳು.

"ತಾಳಿ, ತಾಳಿ!" ಅವನು ಗಿಡ್ಡ ತಂತಿಯ ಬಿರಡೆಯ ತಿರುಪನ್ನು ಚಾಕುವಿನಿಂದ ಸಡಿಲಿಸಿ ಮತ್ತೆ ಶುರುಮಾಡಿದ. ಎರಡನೇ ಸುತ್ತಿನ ಕೊನೆಗೆ ಸರ್ ಎಂದು ಬಿರಡೆ ಜಾರಿತು, ಕೈ ತಾನಾಗಿ ಹೋಗಿ ತಿರುಪಿತು, ಮಟ್ಟು ಮುಂದಕ್ಕೆ ಹರಿಯಿತು. ನಕ್ಕವರೇ ಕತ್ತು ಚಾಚಿ ಕೇಳಿದರು. ಗಾರ್ನೆಟ್ ಮೂಗು ಒರೆಸಿಕೊಂಡ.

ದೊಡ್ಡಮ್ಮ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದಳು. "ಅದೇ! ಹಾಗೇ ಬಾರಿಸ್ತಿದ್ದ! ನೋಡಿ, ಒಂದೇ ಮಧ್ಯಾಹ್ನದಲ್ಲಿ ಹೇಗೆ ಕಲಿಸ್ಬಿಟ್ಟೆ!"

"ದೊಡ್ಡಮ್ಮ, ನೀವು ಕಲಿಸಿದ್ದಲ್ಲ..."

"ಸಾಕು ಆರ್ಬಿನ್." ಹ್ಯಾಸ್ಕಲ್ ಅವನ ಹೆಗಲ ಮೇಲೆ ಕೈಯಿಟ್ಟ. "ಚೆನ್ನಾಗಿ ಕಲ್ತೆ, ಇಲ್ಲ ಅನ್ನಲ್ಲ. ಆದ್ರೆ ಕಲಿಸಿದ ಮುದುಕಿ ಎದುರಿಗೇ ನಂದು ಅಂತೀಯಲ್ಲ, ನಾಚಿಕೆ ಆಗಲ್ವಾ? ಮೂಲ ಸಿಗದೇ ಇದ್ದಿದ್ರೆ ಮಾತು ಕೊಟ್ಟಂತೆ ಈ ಕುರ್ಚೀಲಿ ನಿನ್ನ ಕೂರಿಸ್ತಿದ್ದೆ. ಈಗ ಮೂಲ ಸಿಕ್ಕಿದೆ. ಆ ಅಂಗಡಿ ಕಟ್ಟೆ ಮೇಲೆ ಬಾರಿಸಿದ ಯಾರೋ ಪುಣ್ಯಾತ್ಮ ಬದುಕೇ ಇದ್ದಾನೆ. ಅವನು ಬರೋವರೆಗೂ ಇದರ ಮೇಲೆ ಯಾರೂ ಕೂರೋ ಹಾಗಿಲ್ಲ."

ಜನರೆಲ್ಲ ಹೌದು ಹೌದೆಂದರು. ಗಾರ್ನೆಟ್ ಕುರ್ಚಿಯನ್ನು ಒರೆಸಿ, ಗೌರವಕ್ಕೆಂದು ಅದರ ಮೇಲೆ ತನ್ನ ಟೋಪಿ ಇಟ್ಟ. ಆರ್ಬಿನ್ ಬಾಗಿಲ ಸಂದಿಗೆ ಹೋಗಿ ಕೂತ. ಕುಣಿತ ಶುರುವಾಯಿತು. ಆ ರಾತ್ರಿ ಅವನಷ್ಟು ಚೆನ್ನಾಗಿ ಯಾರೂ ಬಾರಿಸಲಿಲ್ಲ. ತಡೆ ಬಂದಾಗಲೆಲ್ಲ ಕುಣಿಯುವವರು ಕಾಲೆತ್ತಿ ನಿಂತು, ಖಾಲಿ ಕುರ್ಚಿಗೆ ಕೈಮುಗಿದು ಮುಂದೆ ಹೋಗುತ್ತಿದ್ದರು.